ದುಬಾರಿ ಹತ್ತರಿ, ಉಳಿ, ಗರಗಸಗಳ ಮೇಲಿನ ಕಲೆ ಮತ್ತು ಕಿಲುಬು: ಉಜ್ಜುವ ಮೊದಲು ಏನು ಮಾಡಬೇಕು, ಉಜ್ಜುವುದೇ ಆದರೆ ಹೇಗೆ

ಹತ್ತಾರು ಸಾವಿರ ರೂಪಾಯಿ ಕೊಟ್ಟು ಹೊರದೇಶದಿಂದ ತರಿಸಿಕೊಂಡ ಲೋಹದ ಹತ್ತರಿಯ (ಮರವನ್ನು ಹೆರೆದು ನುಣುಪು ಮಾಡುವ ಉಪಕರಣದ) ಪಕ್ಕೆಯಲ್ಲಿ ಕಂದು ಚುಕ್ಕೆ, ಹಿತ್ತಾಳೆಯ ತಿರುಪಿನ ಮೇಲೆ ಕಪ್ಪು ಮಸುಕು, ಉಳಿಯ ಬೆನ್ನಿನಲ್ಲಿ ಗೀರು ಕಂಡರೆ ಓದುಗರು ಮಾಡುವುದು ಬಹುಮಟ್ಟಿಗೆ ಒಂದೇ ಕೆಲಸ: ಕೈಗೆ ಸಿಕ್ಕಿದ ಉಪ್ಪುಕಾಗದ ತೆಗೆದುಕೊಂಡು ಉಜ್ಜಲು ಕೂರುತ್ತಾರೆ. ಅರ್ಧ ಗಂಟೆಯ ನಂತರ ಚುಕ್ಕೆ ಹೋಗಿರುತ್ತದೆ, ಅದರ ಜಾಗದಲ್ಲಿ ಅಂಗೈಯಗಲದ ಮಂಕು ತೇಪೆ ಉಳಿದಿರುತ್ತದೆ, ಮಾರಾಟಗಾರರು ಹಿಂದಕ್ಕೆ ತೆಗೆದುಕೊಳ್ಳುವ ಸಾಧ್ಯತೆಯೂ ಮುಗಿದಿರುತ್ತದೆ. ಹೊಸ ಉಪಕರಣ ನಿಜವಾಗಿ ಕೆಡುವುದು ಸಾಗಣೆಯಲ್ಲಿ ಬಿದ್ದ ಕಲೆಯಿಂದಲ್ಲ, ಆ ಕಲೆಯ ಮೇಲೆ ಮೊದಲ ದಿನ ನಡೆದ ಉಜ್ಜಾಟದಿಂದ. ಆದ್ದರಿಂದ ಇಲ್ಲಿ ಹಂತಗಳ ಅನುಕ್ರಮಕ್ಕೆ ಹೆಚ್ಚಿನ ಮಹತ್ವವಿದೆ. ಗುರುತಿಸುವುದು, ಅಳೆಯುವುದು, ಇಟ್ಟುಕೊಳ್ಳುವುದೋ ಹಿಂದಿರುಗಿಸುವುದೋ ಎಂದು ತೀರ್ಮಾನಿಸುವುದು, ಇವೆಲ್ಲ ಮುಗಿದ ಮೇಲೆ ಮಾತ್ರ ಉಜ್ಜುವ ಸರದಿ ಬರುತ್ತದೆ.

ಅಮೆರಿಕದ ಲೀ-ನೀಲ್ಸನ್, ಕೆನಡಾದ ವೆರಿಟಾಸ್ ಮುಂತಾದ ತಯಾರಕರ ಹತ್ತರಿಗಳ ಒಡಲು ಸಾಮಾನ್ಯವಾಗಿ ಡಕ್ಟೈಲ್ ಎಂಬ ಬಗೆಯ ಎರಕದ ಕಬ್ಬಿಣದ್ದು, ಅಲಗು ಉಕ್ಕಿನದು, ತಿರುಪುಗಳು ಹಿತ್ತಾಳೆಯವು, ಕೆಲವು ಮಾದರಿಗಳಲ್ಲಿ ಅಲಗನ್ನು ಒತ್ತಿ ಹಿಡಿಯುವ ಕ್ಯಾಪ್ ಅಥವಾ ಇಡೀ ಒಡಲೇ ಕಂಚಿನದು. ಈ ನಾಲ್ಕೂ ಲೋಹಗಳು ಬೇರೆ ಬೇರೆ ರೀತಿಯಲ್ಲಿ ಮಸುಕಾಗುತ್ತವೆ. ಒಂದಕ್ಕೆ ಹೊಂದುವ ಚಿಕಿತ್ಸೆ ಇನ್ನೊಂದನ್ನು ಹಾಳುಮಾಡಬಹುದು.

ಬೇಕಾದ ಸಾಮಗ್ರಿ

ಹತ್ತಿಯ ಹಳೆಯ ಬನಿಯನ್ ಬಟ್ಟೆ, ಮಿನರಲ್ ಟರ್ಪೆಂಟೈನ್, ಹೊಲಿಗೆ ಯಂತ್ರದ ಎಣ್ಣೆ, ಪೆನ್ಸಿಲ್ ಅಳಿಸುವ ರಬ್ಬರು, ಮೃದುವಾದ ಹಲ್ಲುಜ್ಜುವ ಬ್ರಷ್, ಕಿವಿ ಶುಚಿ ಮಾಡುವ ಹತ್ತಿಕಡ್ಡಿ, 0000 ದರ್ಜೆಯ ಸ್ಟೀಲ್ ವೂಲ್ (ಅತಿ ನುಣ್ಣನೆಯ ಉಕ್ಕಿನ ನಾರು), 1000 ಗ್ರಿಟ್‌ನ ವಾಟರ್ ಪೇಪರ್ (ಒದ್ದೆಯಾಗಿಯೂ ಬಳಸಬಹುದಾದ ನುಣ್ಣನೆಯ ಉಪ್ಪುಕಾಗದ) ಒಂದು ಹಾಳೆ, ಬಣ್ಣವಿಲ್ಲದ ಪೇಸ್ಟ್ ವ್ಯಾಕ್ಸ್. ಅಳತೆಗೆ ನಂಬಿಕಸ್ಥ ಉಕ್ಕಿನ ನೇರಪಟ್ಟಿ, ಮೂಲೆಮಟ್ಟ ಮತ್ತು 0.05 ಮಿ.ಮೀ. ಎಲೆ ಇರುವ ಫೀಲರ್ ಗೇಜ್ (ಸಂದಿಯ ಅಗಲ ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು) ಬೇಕು. ಮನೆಯಲ್ಲಿರುವ ಮರದ ಅಥವಾ ಪ್ಲಾಸ್ಟಿಕ್ ಅಳತೆಪಟ್ಟಿ ಈ ಕೆಲಸಕ್ಕೆ ಬರುವುದಿಲ್ಲ.

ಹುಣಸೆಹಣ್ಣು, ನಿಂಬೆ, ಬೂದಿ, ಪಾತ್ರೆ ಬೆಳಗುವ ಪುಡಿ, ಹಸಿರು ನಾರಿನ ಸ್ಕ್ರಬ್ಬರ್ ಇವುಗಳನ್ನು ಅಡುಗೆಮನೆಯಲ್ಲಿಯೇ ಬಿಟ್ಟುಬರುವುದು ಒಳ್ಳೆಯದು.

ಹಂತ 1: ಪೊಟ್ಟಣವನ್ನು ಬಂದ ಕೂಡಲೇ ತೆರೆಯಬೇಡಿ

ವಿಮಾನದಲ್ಲಿಯೋ ಹವಾನಿಯಂತ್ರಿತ ಗೋದಾಮಿನಲ್ಲಿಯೋ ತಣ್ಣಗಾದ ಕಬ್ಬಿಣವನ್ನು ಮಳೆಗಾಲದ ತೇವದ ಗಾಳಿಗೆ ತೆರೆದರೆ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಸಾಂದ್ರಗೊಳ್ಳುತ್ತದೆ. ತುಕ್ಕು ಶುರುವಾಗಲು ಅಷ್ಟು ಸಾಕು. ಮುಚ್ಚಿದ ಪೊಟ್ಟಣವನ್ನು ಒಂದು ರಾತ್ರಿ ಕೋಣೆಯಲ್ಲಿಟ್ಟು, ಲೋಹ ಕೋಣೆಯ ಬಿಸುಪಿಗೆ ಬಂದ ಮೇಲೆ ತೆರೆಯಿರಿ.

ತೆರೆದೊಡನೆ ಕಿಟಕಿಯ ಬೆಳಕಿನಲ್ಲಿ ಎಲ್ಲ ಮುಖಗಳ ಚಿತ್ರ ತೆಗೆಯಿರಿ. ಉಪಕರಣಕ್ಕೆ ಸುತ್ತಿದ ಕಂದು ಅಥವಾ ನೀಲಿ ಬಣ್ಣದ ಕಾಗದವನ್ನು ಕಸಕ್ಕೆ ಹಾಕಬೇಡಿ. ಅನೇಕ ವೇಳೆ ಅದು ವಿಸಿಐ ಕಾಗದವಾಗಿರುತ್ತದೆ, ಅಂದರೆ ತುಕ್ಕನ್ನು ತಡೆಯುವ ಆವಿಯನ್ನು ನಿಧಾನವಾಗಿ ಬಿಡುವ ಕಾಗದ. ಮುಚ್ಚಿದ ಪೆಟ್ಟಿಗೆಯೊಳಗೆ ಅದು ಬಹುಕಾಲ ಕೆಲಸ ಮಾಡುತ್ತದೆ, ತೆರೆದ ಮೇಜಿನ ಮೇಲೆ ಅದಕ್ಕೆ ಶಕ್ತಿಯಿಲ್ಲ. ಕಬ್ಬಿಣಕ್ಕಾಗಿಯೇ ತಯಾರಿಸಿದ ಕೆಲವು ವಿಸಿಐ ಕಾಗದಗಳು ತಾಮ್ರ ಬೆರೆತ ಲೋಹಗಳನ್ನು ಮಸುಕಾಗಿಸುವುದರಿಂದ, ಬಿಡಿಯಾಗಿ ಕಾಗದ ಕೊಳ್ಳುವವರು ಎಲ್ಲ ಲೋಹಗಳಿಗೂ ಹೊಂದುವ ಬಗೆಯನ್ನೇ ಕೇಳಿ ಪಡೆಯಬೇಕು.

ಹಂತ 2: ಕಾರ್ಖಾನೆಯ ಎಣ್ಣೆಯನ್ನು ತೆಗೆಯಿರಿ

ಹತ್ತರಿಯನ್ನು ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಭಾಗಗಳನ್ನು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ. ಅಲಗಿನ ಅಂಚು ಕೈ ಕೊಯ್ಯುವಷ್ಟು ಹರಿತವಾಗಿಯೇ ಬಂದಿರುತ್ತದೆ ಎಂಬುದು ನೆನಪಿರಲಿ. ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಪ್ರತಿಯೊಂದು ಭಾಗವನ್ನೂ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

ಓದುಗರು ಕಳುಹಿಸುವ ಚಿತ್ರಗಳಲ್ಲಿ ತುಕ್ಕು ಎಂದು ಗುರುತು ಮಾಡಿರುವ ಹಳದಿ ಮಿಶ್ರಿತ ಕಂದು ತೇಪೆಗಳಲ್ಲಿ ಅನೇಕವು ಒಣಗಿ ಗಟ್ಟಿಯಾದ ರಕ್ಷಣಾ ಎಣ್ಣೆಯಷ್ಟೇ. ಅವು ಈ ಹಂತದಲ್ಲಿಯೇ ಬಟ್ಟೆಗೆ ಬಂದುಬಿಡುತ್ತವೆ. ಕೆಲವು ಉಳಿಗಳ ಅಲಗಿಗೆ ಪಾರದರ್ಶಕ ಲ್ಯಾಕರ್ ಬಳಿದಿರುತ್ತಾರೆ. ಅದು ಅಲ್ಲಲ್ಲಿ ಎದ್ದು ಬಂದಾಗ ಉಕ್ಕೇ ಸುಲಿಯುತ್ತಿರುವಂತೆ ಕಾಣುತ್ತದೆ. ಅದನ್ನು ಥಿನ್ನರ್ ಅಥವಾ ಅಸಿಟೋನ್‌ನಿಂದ ತೆಗೆಯಬಹುದು, ಆದರೆ ಆ ದ್ರವದ ಒಂದು ಹನಿಯೂ ಮರದ ಹಿಡಿಯ ಮೇಲೆ ಬೀಳಬಾರದು, ಹಿಡಿಯ ವಾರ್ನಿಷ್ ಕರಗಿಹೋಗುತ್ತದೆ.

ಹಂತ 3: ಉಳಿದ ಕಲೆ ಯಾವುದೆಂದು ಗುರುತಿಸಿ

ಈ ಹಂತಕ್ಕೆ ಸಮಯ ಕೊಡಿ. ಎಣ್ಣೆ ಹಚ್ಚಿದ ಹತ್ತಿಕಡ್ಡಿಯನ್ನು ಕಲೆಯ ಮೇಲೆ ನಾಲ್ಕೈದು ಬಾರಿ ಆಡಿಸಿ, ಅದರ ತುದಿಯನ್ನು ಬಿಳಿ ಕಾಗದದ ಮೇಲೆ ಒತ್ತಿ ನೋಡಿ. ಕಿತ್ತಳೆ ಅಥವಾ ಕಂದು ಪುಡಿ ಬಂದರೆ ಅದು ಜೀವಂತ ತುಕ್ಕು. ಹಿತ್ತಾಳೆಯ ಮೇಲಿನಿಂದ ಬೂದು ಅಥವಾ ಕಪ್ಪು ಬಣ್ಣ ಬಂದರೆ ಅದು ಲೋಹದ ಮೇಲ್ಪದರದ ಮಸುಕು. ಹಸಿರು ಬಂದರೆ ಕಿಲುಬು, ಅಂದರೆ ತೇವ ಅಥವಾ ಆಮ್ಲ ಅಲ್ಲಿ ತಂಗಿದೆ. ಏನೂ ಬಾರದಿದ್ದರೆ ಅದು ಬಣ್ಣದ ವ್ಯತ್ಯಾಸ ಮಾತ್ರ, ಅದನ್ನು ಹಾಗೆಯೇ ಬಿಡಬಹುದು.

ಹೊಸ ಹತ್ತರಿಯ ತುಕ್ಕಿನಲ್ಲಿ ಬೆರಳಚ್ಚಿನದೇ ಮೇಲುಗೈ. ಭೂತಗನ್ನಡಿಯಲ್ಲಿ ನೋಡಿದರೆ ಹೊಳೆಯುವ ಪಕ್ಕೆಯ ಮೇಲೆ ಯಾರದೋ ಹೆಬ್ಬೆರಳಿನ ಸುರುಳಿಗಳು ಒಂದೊಂದಾಗಿ, ಎಣಿಸಬಹುದಾದಷ್ಟು ಸ್ಪಷ್ಟವಾಗಿ, ಕಿತ್ತಳೆ ಬಣ್ಣದಲ್ಲಿ ಮೂಡಿರುತ್ತವೆ. ಸುರುಳಿಗಳ ನಡುವಣ ಲೋಹ ಮಾತ್ರ ಬಂದಂತೆಯೇ ಹೊಳೆಯುತ್ತಿರುತ್ತದೆ. ಬೆವರಿನ ಉಪ್ಪು ಗಾಳಿಯ ತೇವವನ್ನು ತನ್ನೆಡೆಗೆ ಎಳೆದುಕೊಳ್ಳುವುದೇ ಇದಕ್ಕೆ ಕಾರಣ. ಇಂತಹ ತುಕ್ಕು ಬಹಳ ತೆಳು, ಇದನ್ನು ಸುಲಭವಾಗಿ ತೆಗೆಯಬಹುದು.

ಗೀರುಗಳಿಗೆ ಉಗುರಿನ ಪರೀಕ್ಷೆ ಸಾಕು. ಉಗುರನ್ನು ಗೀರಿಗೆ ಅಡ್ಡಲಾಗಿ ಎಳೆದಾಗ ಅದು ತಡೆದರೆ ಗೀರು ಆಳವಾಗಿದೆ, ತಡೆಯದಿದ್ದರೆ ಅದು ಹೊಳಪಿನಲ್ಲಿನ ವ್ಯತ್ಯಾಸ. ಒಂದೇ ದಿಕ್ಕಿನಲ್ಲಿ ಸಮನಾಗಿ ಸಾಗುವ ಸೂಕ್ಷ್ಮ ಗೆರೆಗಳು ಗೀರುಗಳೇ ಅಲ್ಲ, ಅವು ಕಾರ್ಖಾನೆಯ ಸಾಣೆ ಯಂತ್ರ ಬಿಟ್ಟುಹೋದ ಗುರುತುಗಳು. ಅವನ್ನು ದೋಷವೆಂದು ತಿಳಿದು ಅಳಿಸಲು ಹೊರಟವರು ಚಪ್ಪಟೆಯಾಗಿ ಬಂದ ಮುಖವನ್ನು ತಾವೇ ಡೊಂಕು ಮಾಡುತ್ತಾರೆ.

ಎರಕದ ಒಳಭಾಗದಲ್ಲಿ, ಬಣ್ಣ ಬಳಿದ ಕಡೆ ಕಾಣುವ ಸಾಸಿವೆಯಷ್ಟರ ಗುಳಿ, ಬಣ್ಣದ ಗಂಟು, ಅಂಚಿನ ಒರಟು ಇವು ಕೆಲಸಕ್ಕೆ ಯಾವ ಸಂಬಂಧವೂ ಇಲ್ಲದವು. ಅದೇ ಗುಳಿ ಬಾಯಿಯ, ಅಂದರೆ ಅಲಗು ಹೊರಬರುವ ತಳದ ಸೀಳಿನ, ಅಂಚಿನಲ್ಲಿದ್ದರೆ ಅದರ ವಿಚಾರ ಬೇರೆ.

ಹಂತ 4: ಕೆಲಸಕ್ಕೆ ಅಡ್ಡಿಯಾಗುವ ದೋಷವಿದೆಯೇ ಎಂದು ಅಳೆಯಿರಿ

ಅಲಗಿಗೆ ಸಾಣೆ ಹಿಡಿಯುವ ಮೊದಲೇ ಈ ಅಳತೆ ಮುಗಿಯಬೇಕು, ಏಕೆಂದರೆ ಸಾಣೆ ಹಿಡಿದ ಉಪಕರಣವನ್ನು ಬಳಸಿದ್ದೆಂದು ಪರಿಗಣಿಸುವ ಮಾರಾಟಗಾರರಿದ್ದಾರೆ.

ಹತ್ತರಿಯನ್ನು ಮರಳಿ ಜೋಡಿಸಿ, ಕ್ಯಾಪನ್ನು ಕೆಲಸದ ವೇಳೆ ಇರುವಷ್ಟೇ ಬಿಗಿದು, ಅಲಗಿನ ಅಂಚನ್ನು ಮಾತ್ರ ತಳದಿಂದ ಒಳಕ್ಕೆ ಸರಿಸಿ. ಬಿಗಿತದಿಂದ ಒಡಲು ಕೂದಲೆಳೆಯಷ್ಟು ಬಾಗುವುದರಿಂದ, ಬಿಚ್ಚಿಟ್ಟ ಹತ್ತರಿಯ ಅಳತೆ ನಂಬಲು ಬರುವುದಿಲ್ಲ. ನೇರಪಟ್ಟಿಯನ್ನು ತಳದ ಮೇಲೆ ಉದ್ದಕ್ಕೆ, ನಂತರ ಎರಡೂ ಕರ್ಣಗಳಲ್ಲಿ ಇಟ್ಟು ಬೆಳಕಿಗೆ ಹಿಡಿದು ನೋಡಿ. ಮುಂತುದಿ, ಬಾಯಿಯ ಮುಂದಿನ ಪಟ್ಟಿ, ಹಿಂತುದಿ ಈ ಮೂರೂ ಒಂದೇ ಮಟ್ಟದಲ್ಲಿದ್ದರೆ ಆಯಿತು, ನಡುವೆ ಸ್ವಲ್ಪ ತಗ್ಗಿದ್ದರೂ ಹತ್ತರಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬಾಯಿಯ ಮುಂದಿನ ಭಾಗದಲ್ಲಿ 0.05 ಮಿ.ಮೀ. ಎಲೆ ಸಲೀಸಾಗಿ ನುಸುಳಿದರೆ, ನುಣುಪು ಮಾಡುವ ಚಿಕ್ಕ ಹತ್ತರಿಯ ಮಟ್ಟಿಗೆ ಅದು ನಿಜವಾದ ದೋಷ. ಅದು ಹೆರೆದು ತೆಗೆಯುವ ನುಣ್ಣನೆಯ ಹೊಟ್ಟಿನ ದಪ್ಪವೇ ಅದಕ್ಕಿಂತ ಕಡಿಮೆ ಇರುತ್ತದೆ. ಪಕ್ಕೆ ತಳಕ್ಕೆ ಲಂಬವಾಗಿದೆಯೇ ಎಂದು ಮೂಲೆಮಟ್ಟದಿಂದ ನೋಡುವುದು ಪಕ್ಕೆಯ ಮೇಲೆ ಮಲಗಿಸಿ ಬಳಸುವ ಹತ್ತರಿಗಳಿಗೆ ಮಾತ್ರ ಅಗತ್ಯ.

ಉಳಿಯಲ್ಲಿ ನೋಡಬೇಕಾದದ್ದು ಬೆನ್ನು, ಅಂದರೆ ಅಲಗಿನ ಚಪ್ಪಟೆ ಮುಖ. ಅಂಚಿನಿಂದ ಒಂದು ಅಂಗುಲದೊಳಗೆ ತುಕ್ಕಿನ ಗುಳಿ ಇದ್ದರೆ ಅದು ಅಲಂಕಾರದ ಪ್ರಶ್ನೆಯಲ್ಲ: ಸಾಣೆ ಹಿಡಿಯುತ್ತಾ ಹೋದಂತೆ ಅಂಚು ಆ ಗುಳಿಯನ್ನು ತಲುಪುತ್ತದೆ, ಆಗ ಅಂಚಿನಲ್ಲಿ ಕಚ್ಚು ಮೂಡಿ, ಕೊರೆದ ಮರದ ಮೇಲೆ ಪ್ರತಿ ಬಾರಿಯೂ ಗೆರೆ ಎಳೆಯುತ್ತದೆ. ಬೆನ್ನಿನ ನಡುವೆ ತಗ್ಗಿದ್ದರೆ ಚಿಂತೆಯಿಲ್ಲ, ಉಬ್ಬಿದ್ದರೆ ತಿದ್ದುವುದು ಬಹಳ ಶ್ರಮದ ಕೆಲಸ. ಅಂಚಿನ ಮೂಲೆಯಲ್ಲಿ ನೀಲಿ ಬಣ್ಣ ಕಂಡರೆ ಕಾರ್ಖಾನೆಯ ಸಾಣೆಯಲ್ಲಿ ಉಕ್ಕು ವಿಪರೀತ ಕಾದು ಹದ ಕಳೆದುಕೊಂಡಿದೆಯೆಂದು ಅರ್ಥ. ಆ ಬಣ್ಣವನ್ನು ಉಜ್ಜಿ ತೆಗೆದರೂ ಹದ ಮರಳಿ ಬರುವುದಿಲ್ಲ.

ಗರಗಸವನ್ನು ಹಲ್ಲಿನ ಸಾಲಿನುದ್ದಕ್ಕೆ ಕಣ್ಣಿಟ್ಟು ನೋಡಿ. ತಗಡು ಮಡಿದಿದ್ದರೆ ಅಥವಾ ಅಲೆಯಾಗಿದ್ದರೆ ಹಿಂದಿರುಗಿಸಿ. ಬೆನ್ನಿನ ಹಿತ್ತಾಳೆ ಎಷ್ಟೇ ಮಸುಕಾಗಿದ್ದರೂ ಕೊಯ್ತಕ್ಕೆ ತೊಂದರೆಯಿಲ್ಲ.

ಹಂತ 5: ತೀರ್ಮಾನ

ಅಳತೆಯಲ್ಲಿ ದೋಷ ಸಿಕ್ಕಿದ್ದರೆ ಏನನ್ನೂ ಉಜ್ಜದೆ, ಚಿತ್ರ ಮತ್ತು ಅಳತೆಗಳೊಂದಿಗೆ ಮಾರಾಟಗಾರರಿಗೆ ಬರೆಯಿರಿ. “ಚೆನ್ನಾಗಿಲ್ಲ” ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ, “ಬಾಯಿಯ ಮುಂದೆ ನೇರಪಟ್ಟಿಯ ಕೆಳಗೆ 0.05 ಮಿ.ಮೀ. ಎಲೆ ಹೋಗುತ್ತದೆ” ಎಂದು ಬರೆದರೆ ಉತ್ತರ ಬರುತ್ತದೆ. ದೋಷ ಬರಿಯ ನೋಟದ್ದಾಗಿದ್ದು ಉಪಕರಣ ಹೊರದೇಶದಿಂದ ಬಂದಿದ್ದರೆ, ಸಾಗಣೆ ಮತ್ತು ಸುಂಕದ ಲೆಕ್ಕ ಹಾಕಿದಾಗ ಇಟ್ಟುಕೊಳ್ಳುವುದೇ ಲಾಭ ಎಂಬುದು ನನ್ನ ಅಭಿಪ್ರಾಯ. ಆದರೂ ಚಿತ್ರ ಕಳುಹಿಸಿ ತಿಳಿಸುವುದರಲ್ಲಿ ನಷ್ಟವಿಲ್ಲ. ಬೆಲೆಯಲ್ಲಿ ಸ್ವಲ್ಪ ಹಿಂದಕ್ಕೆ ಕೊಡುವವರೂ ಇದ್ದಾರೆ.

ಹಂತ 6: ಕಬ್ಬಿಣ ಮತ್ತು ಉಕ್ಕಿನ ಮೇಲಿನ ತುಕ್ಕು ತೆಗೆಯುವುದು

ಅತ್ಯಂತ ಸೌಮ್ಯವಾದುದರಿಂದ ಶುರುಮಾಡಿ, ತುಕ್ಕು ಹೋದ ಕ್ಷಣದಲ್ಲಿ ನಿಲ್ಲಿಸಬೇಕು. ಮೊದಲು ಕಲೆಯ ಮೇಲೆ ಎಣ್ಣೆ ಬಿಟ್ಟು ಒಂದು ಗಂಟೆ ನೆನೆಸಿ ಬಟ್ಟೆಯಿಂದ ಒತ್ತಿ ಒರೆಸಿ. ಬೆರಳಚ್ಚಿನ ತುಕ್ಕು ಎಷ್ಟೋ ವೇಳೆ ಇಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಆಗಲೂ ಕಿತ್ತಳೆ ಬಣ್ಣ ಉಳಿದರೆ 0000 ಸ್ಟೀಲ್ ವೂಲ್ ಅನ್ನು ಎಣ್ಣೆಯಲ್ಲಿ ಅದ್ದಿ, ಬೆರಳ ತುದಿಯ ಬದಲು ಸಣ್ಣ ಮರದ ತುಂಡಿನ ಕೆಳಗಿಟ್ಟು, ಸಾಣೆಯ ಗೆರೆಗಳ ದಿಕ್ಕಿನಲ್ಲಿ ಮಾತ್ರ ಆಡಿಸಿ. ವೃತ್ತಾಕಾರವಾಗಿ ಉಜ್ಜಿದ ಗುರುತು ಯಾವ ಬೆಳಕಿನಲ್ಲಿಯೂ ಎದ್ದು ಕಾಣುತ್ತದೆ. 1000 ಗ್ರಿಟ್‌ನ ಕಾಗದ ಕೊನೆಯ ಅಸ್ತ್ರ, ಅದನ್ನೂ ಮರದ ತುಂಡಿಗೆ ಸುತ್ತಿ, ಎಣ್ಣೆ ಹಾಕಿಯೇ ಬಳಸಬೇಕು.

ತುಕ್ಕು ಹೋದ ಜಾಗದಲ್ಲಿ ಬೂದು ನೆರಳೊಂದು ಉಳಿಯುತ್ತದೆ. ಅದು ತುಕ್ಕಲ್ಲ, ಹರಡುವುದಿಲ್ಲ. ಹತ್ತಿಕಡ್ಡಿ ಬಿಳಿಯಾಗಿಯೇ ಬಂದರೆ ನಿಮ್ಮ ಕೆಲಸ ಮುಗಿದಿದೆ. ಆ ನೆರಳನ್ನೂ ಅಳಿಸುತ್ತೇನೆ ಎಂದು ಒಂದೇ ಕಡೆ ಉಜ್ಜುತ್ತಾ ಹೋದವರ ಹತ್ತರಿಯ ತಳದಲ್ಲಿ ತಗ್ಗು ಬಿದ್ದಿರುತ್ತದೆ.

ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ ಇಡೀ ತಳವನ್ನು ಉಜ್ಜುವ ಉಪಾಯ ಬಹಳ ಜನಪ್ರಿಯವಾಗಿದೆ. ತಳ ನಿಜವಾಗಿ ಡೊಂಕಾಗಿರುವ ಹಳೆಯ ಹತ್ತರಿಗೆ ಅದು ಸರಿ. ಯಂತ್ರದಲ್ಲಿ ಸಮಮಾಡಿಸಿ ಕಳುಹಿಸಿದ ಹೊಸ ತಳದ ಮೇಲಿನ ಒಂದು ಚುಕ್ಕೆಗಾಗಿ ಹಾಗೆ ಮಾಡಿದರೆ, ಹಿಂದಕ್ಕೂ ಮುಂದಕ್ಕೂ ತಳ್ಳುವಾಗ ಎರಡು ತುದಿಗಳೂ ಅಂಚುಗಳೂ ಹೆಚ್ಚು ಸವೆದು ತಳ ಉಬ್ಬುತ್ತದೆ. ಅದನ್ನು ಮತ್ತೆ ಸಮಮಾಡುವುದು ಚುಕ್ಕೆ ತೆಗೆದಷ್ಟು ಸುಲಭವಲ್ಲ.

ಬಫಿಂಗ್ ಚಕ್ರ, ಗ್ರೈಂಡರ್, ಡ್ರಿಲ್‌ಗೆ ಸಿಕ್ಕಿಸುವ ತಂತಿ ಬ್ರಷ್ ಇವುಗಳನ್ನು ಅಲಗಿನ ಹತ್ತಿರ ತರಬೇಡಿ. ಅಲಗಿನ ತೆಳುವಾದ ಅಂಚು ಕ್ಷಣಾರ್ಧದಲ್ಲಿ ಕಾಯುತ್ತದೆ. ಸಾಧಾರಣ ಕಾರ್ಬನ್ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಬಣ್ಣಕ್ಕೂ 300ರ ಆಸುಪಾಸಿನಲ್ಲಿ ನೀಲಿಗೂ ತಿರುಗುತ್ತದೆ. ಹುಲ್ಲಿನ ಬಣ್ಣ ಕಂಡೊಡನೆ ನಿಲ್ಲಿಸಬೇಕು. ಬಫಿಂಗ್ ಚಕ್ರ ಕಾಯಿಸದಿದ್ದರೂ ಬೆನ್ನಿನ ಅಂಚನ್ನು ದುಂಡಗಾಗಿಸುತ್ತದೆ, ಆಮೇಲೆ ಎಷ್ಟು ಸಾಣೆ ಹಿಡಿದರೂ ಉಳಿ ಹರಿತವಾಗುವುದಿಲ್ಲ.

ಎ2 ಎಂಬ ಉಕ್ಕಿನ ಅಲಗಿನಲ್ಲಿ ಕ್ರೋಮಿಯಂ ಇರುವುದರಿಂದ ಅದಕ್ಕೆ ತುಕ್ಕು ಹಿಡಿಯುವುದಿಲ್ಲ ಎಂದು ನಂಬಿದವರಿದ್ದಾರೆ. ಅದರಲ್ಲಿರುವುದು ಸುಮಾರು ಶೇ. 5 ಮಾತ್ರ, ಸ್ಟೇನ್‌ಲೆಸ್ ಎನಿಸಿಕೊಳ್ಳಲು ಕನಿಷ್ಠ ಶೇ. 10.5 ಬೇಕು. ನಿಂಬೆರಸ, ವಿನೆಗರ್, ಸಿಟ್ರಿಕ್ ಆಮ್ಲಗಳು ತುಕ್ಕನ್ನು ಕರಗಿಸುವುದೇನೋ ನಿಜ, ಆದರೆ ಹೊಳಪಿನ ಉಕ್ಕನ್ನು ಬೂದಿಬಣ್ಣಕ್ಕೆ ತಿರುಗಿಸುತ್ತವೆ, ಮತ್ತು ತೊಳೆದು ಒಣಗಿಸುವಷ್ಟರಲ್ಲಿ ಹೊಸ ತುಕ್ಕು ಮೂಡುತ್ತದೆ. ಹೊಸ ಉಪಕರಣಕ್ಕೆ ಅವುಗಳ ಅಗತ್ಯವಿಲ್ಲ.

ಗರಗಸದ ತಗಡನ್ನು ಹಿಡಿಯಿಂದ ತುದಿಯ ಕಡೆಗೆ, ಹಲ್ಲಿಗೆ ಸಮಾನಾಂತರವಾಗಿ ಒರೆಸಿ. ತಯಾರಕರ ಮುದ್ರೆ ಕೊರೆದಿರುವ ಜಾಗಕ್ಕೆ ರಬ್ಬರಿಗಿಂತ ಗಡಸಾದುದು ಬೇಡ.

ಹಂತ 7: ಹಿತ್ತಾಳೆ ಮತ್ತು ಕಂಚು

ಮೊದಲ ಪ್ರಶ್ನೆ, ಇದನ್ನು ಮುಟ್ಟುವ ಅಗತ್ಯವಿದೆಯೇ ಎಂಬುದು. ಹಿತ್ತಾಳೆಯ ಮೇಲೆ ಸಮನಾಗಿ ಹರಡುವ ಕಂದು ಮಸುಕು ಲೋಹವನ್ನು ತಿನ್ನುವುದಿಲ್ಲ, ಬದಲಾಗಿ ಒಳಗಿನ ಲೋಹಕ್ಕೆ ಒಂದಿಷ್ಟು ಮರೆಯಾಗುತ್ತದೆ. ತಿಂಗಳಿಗೊಮ್ಮೆ ಹೊಳಪು ಬರಿಸುವವರು ಪ್ರತಿ ಬಾರಿಯೂ ಒಂದಿಷ್ಟು ಲೋಹವನ್ನೂ, ಅದರೊಂದಿಗೆ ಕೊರೆದ ಅಕ್ಷರಗಳ ಅಂಚನ್ನೂ ಕಳೆದುಕೊಳ್ಳುತ್ತಾರೆ. ಹಸಿರು ಕಿಲುಬನ್ನು ಮಾತ್ರ ಬಿಡಬಾರದು.

ಹೊಳಪೇ ಬೇಕೆಂದಿದ್ದರೆ ಲ್ಯಾಕರ್ ಇದೆಯೇ ಎಂದು ನೋಡಿ. ಕಣ್ಣಿಗೆ ಬೀಳದ ಮೂಲೆಯಲ್ಲಿ ಪಾಲಿಶ್ ಹಚ್ಚಿ ಉಜ್ಜಿದಾಗ ಬಟ್ಟೆ ಕಪ್ಪಾದರೆ ಲೋಹ ಬರಿಮೈಯಲ್ಲಿದೆ. ಬಟ್ಟೆಗೆ ಏನೂ ಹತ್ತದಿದ್ದರೆ ಮೇಲೆ ಲ್ಯಾಕರ್ ಪದರವಿದೆ, ಮಸುಕು ಅದರ ಅಡಿಯಲ್ಲಿದೆ, ಮೇಲಿನಿಂದ ಎಷ್ಟು ಉಜ್ಜಿದರೂ ವ್ಯರ್ಥ. ಬಿಚ್ಚಿ ತೆಗೆಯಬಹುದಾದ ಭಾಗವಾಗಿದ್ದರೆ ಅಸಿಟೋನ್‌ನಿಂದ ಲ್ಯಾಕರ್ ಕರಗಿಸಿ ಮುಂದುವರಿಯಬಹುದು.

ಬರಿ ಲೋಹಕ್ಕೆ ಸೀಮೆಸುಣ್ಣದ ನುಣ್ಣನೆಯ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬಟ್ಟೆಯಿಂದ ಉಜ್ಜಿದರೆ ಹದವಾದ ಹೊಳಪು ಬರುತ್ತದೆ. ಅಂಗಡಿಯ ಲೋಹದ ಪಾಲಿಶ್ ಬಳಸುವವರು ಅಮೋನಿಯಾ ಇಲ್ಲದ್ದನ್ನು ಆರಿಸಬೇಕು, ಒತ್ತಡದಲ್ಲಿರುವ ಹಿತ್ತಾಳೆ ಅಮೋನಿಯಾದಿಂದ ಬಿರುಕು ಬಿಡಬಹುದು. ತಿರುಪಿನ ಸುತ್ತ ಬೆರಳಿಗೆ ಹಿಡಿತ ಸಿಗಲೆಂದು ಕೊರೆದ ಹಲ್ಲುಗಳ ನಡುವೆ ಪಾಲಿಶ್ ಒಣಗಿ ಬಿಳಿ ಪುಡಿಯಾಗಿ ಕೂರುತ್ತದೆ. ಟರ್ಪೆಂಟೈನ್ ಹಚ್ಚಿದ ಹಲ್ಲುಜ್ಜುವ ಬ್ರಷ್‌ನಿಂದ ಅದನ್ನು ಅಂದೇ ತೆಗೆದುಬಿಡಿ.

ಇನ್ನು ಹುಣಸೆಹಣ್ಣಿನ ವಿಚಾರ. ದೇವರ ದೀಪ, ತಂಬಿಗೆಗಳನ್ನು ಹುಣಸೆಹುಳಿಯಿಂದ ತಲೆಮಾರುಗಳಿಂದ ಬೆಳಗಿದ ಮನೆಗಳಲ್ಲಿ ಇದು ತಪ್ಪೆಂದು ಹೇಳುವುದು ಕಷ್ಟ, ಮತ್ತು ದೀಪಕ್ಕೆ ಅದು ತಪ್ಪೂ ಅಲ್ಲ, ಏಕೆಂದರೆ ದೀಪವನ್ನು ಕೂಡಲೇ ಧಾರಾಳ ನೀರಿನಲ್ಲಿ ತೊಳೆಯುತ್ತೇವೆ. ಹತ್ತರಿಯ ಕ್ಯಾಪಿನ ತಿರುಪು ಕೂತಿರುವ ರಂಧ್ರದಲ್ಲಿ ಉಳಿದ ಹುಳಿಯನ್ನು ಹಾಗೆ ತೊಳೆಯಲಾಗುವುದಿಲ್ಲ, ಅಲ್ಲಿಂದ ಅದು ಪಕ್ಕದ ಕಬ್ಬಿಣಕ್ಕೆ ಇಳಿಯುತ್ತದೆ. ಹತ್ತರಿಗಳಿಗೆ ಬಳಸುವ ಮ್ಯಾಂಗನೀಸ್ ಕಂಚಿನಲ್ಲಿ ಸತು ಸುಮಾರು ಶೇ. 40ರಷ್ಟಿದ್ದು, ರಚನೆಯಲ್ಲಿ ಅದು ಗಟ್ಟಿ ಹಿತ್ತಾಳೆಯೇ. ಆಮ್ಲ ಅದರ ಮೇಲ್ಮೈಯಿಂದ ಸತುವನ್ನು ಹೊರಗೆಳೆದಾಗ ತಾಮ್ರ ಉಳಿದು ಗುಲಾಬಿ ತೇಪೆ ಮೂಡುತ್ತದೆ. ಉಜ್ಜುತ್ತಿರುವಾಗ ಹಳದಿ ಲೋಹ ಗುಲಾಬಿಯಾಗತೊಡಗಿದರೆ ತಕ್ಷಣ ನಿಲ್ಲಿಸಿ, ತೊಳೆದು, ಒಣಗಿಸಿ.

ಹಂತ 8: ಮರದ ಹಿಡಿ

ಹಿಡಿಯ ಬಣ್ಣ ಎರಡು ಕಡೆ ಬೇರೆಯಾಗಿರುವುದು ಮರದ ಸ್ವಭಾವ. ಚೆರಿ ಮರ ಬೆಳಕಿಗೆ ತಾನಾಗಿಯೇ ಕಪ್ಪಾಗುತ್ತದೆ. ಎಳೆಯ ಉದ್ದಕ್ಕೆ ಸಾಗುವ ಬಿರುಕು ತಿರುಪಿನ ರಂಧ್ರವನ್ನು ಮುಟ್ಟಿದರೆ ಹಿಡಿ ಬದಲಿಸಿಕೊಡಲು ಕೇಳಿ. ತಿರುಪನ್ನು ಇನ್ನಷ್ಟು ಬಿಗಿದರೆ ಬಿರುಕು ಹೆಚ್ಚುತ್ತದೆ.

ಹಂತ 9: ಮತ್ತೆ ಕಲೆ ಬಾರದಂತೆ ಕಾಯುವುದು

ತುಕ್ಕು ತೆಗೆದ ಉಕ್ಕು ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ, ಆದ್ದರಿಂದ ಈ ಹಂತವನ್ನು ನಾಳೆಗೆ ಬಿಡುವಂತಿಲ್ಲ. ಟರ್ಪೆಂಟೈನ್‌ನಿಂದ ಒರೆಸಿ, ಒಣಗಿಸಿ, ಪೇಸ್ಟ್ ವ್ಯಾಕ್ಸನ್ನು ತೆಳುವಾಗಿ ಹಚ್ಚಿ ಹತ್ತು ನಿಮಿಷದ ನಂತರ ಬಟ್ಟೆಯಿಂದ ಉಜ್ಜಿ. ತಳಕ್ಕೆ ವ್ಯಾಕ್ಸ್ ಹಚ್ಚಿದರೆ ಹತ್ತರಿ ಹಗುರವಾಗಿ ಓಡುತ್ತದೆ, ಬರಿಯ ಮೇಣದಬತ್ತಿಯೂ ಆದೀತು. ಅಲಗಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಕಂಚು ಕಬ್ಬಿಣವನ್ನು ಮುಟ್ಟುವ ಸಂದಿಯಲ್ಲಿ ತೇವ ನಿಂತರೆ ಕಬ್ಬಿಣ ಇನ್ನೂ ವೇಗವಾಗಿ ತುಕ್ಕು ಹಿಡಿಯುತ್ತದೆ, ಅಲ್ಲಿಗೆ ಎಣ್ಣೆ ತಪ್ಪಬಾರದು.

ಕೊಬ್ಬರಿ ಎಣ್ಣೆ ಬೇಡ. ಅದು ಚಳಿಗೆ ಹೆಪ್ಪುಗಟ್ಟುತ್ತದೆ, ಹಳಸಿದಾಗ ಅದರಲ್ಲಿನ ಕೊಬ್ಬಿನ ಆಮ್ಲಗಳು ಹಿತ್ತಾಳೆಯ ಮೇಲೆ ಹಸಿರು ಜಿಡ್ಡನ್ನು ಹುಟ್ಟಿಸುತ್ತವೆ. ಅಗಸೆ ಎಣ್ಣೆ ಒಣಗಿ ಅಂಟಾಗುತ್ತದೆ. ಸಿಲಿಕೋನ್ ಸ್ಪ್ರೇ ಮರಕ್ಕೆ ತಗುಲಿದರೆ ಆ ಜಾಗದಲ್ಲಿ ಪಾಲಿಶ್ ಕೂರುವುದಿಲ್ಲ.

ಗಾಳಿಯ ಸಾಪೇಕ್ಷ ತೇವಾಂಶ ಶೇ. 60 ದಾಟಿದ ಮೇಲೆ ಉಕ್ಕು ತುಕ್ಕು ಹಿಡಿಯುವ ವೇಗ ಏರುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ತೆರೆದ ಕಪಾಟಿನಲ್ಲಿಟ್ಟ ಹತ್ತರಿಗೆ ವ್ಯಾಕ್ಸ್ ಒಂದೇ ಸಾಲದು, ಬಿಗಿಯಾಗಿ ಮುಚ್ಚುವ ಪೆಟ್ಟಿಗೆ ಬೇಕು. ಉಳಿಗಳನ್ನು ಚರ್ಮದ ಚೀಲದಲ್ಲಿ ಕಾಯಂ ಇಡಬೇಡಿ, ಹದಮಾಡಿದ ಚರ್ಮದಲ್ಲಿನ ರಾಸಾಯನಿಕಗಳು ತೇವದೊಂದಿಗೆ ಸೇರಿ ಉಕ್ಕನ್ನು ಕಪ್ಪಾಗಿಸುತ್ತವೆ. ರಬ್ಬರ್ ಬ್ಯಾಂಡಿನಲ್ಲಿರುವ ಗಂಧಕ ಹಿತ್ತಾಳೆಯ ಮೇಲೆ ಕಪ್ಪು ಪಟ್ಟಿ ಬಿಡುತ್ತದೆ. ವೃತ್ತಪತ್ರಿಕೆ ತೇವವನ್ನು ಹೀರಿ ಹಿಡಿದಿಡುತ್ತದೆ.

ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಡುವವರು ತಿಂಗಳಿಗೊಮ್ಮೆ ಅದರ ಬಣ್ಣ ನೋಡಬೇಕು. ಕಿತ್ತಳೆ ಹರಳು ಹಸಿರಿಗೆ ತಿರುಗಿದ್ದರೆ ಅದು ತುಂಬಿದೆ. 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ನೀಲಿ ಹರಳಿನಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅದನ್ನು ಅಡುಗೆಯ ಓವನ್‌ನಲ್ಲಿ ಕಾಯಿಸಬಾರದು.